ತಸ್ಲೀಮಾ ಅಕ್ಕನ ಹೆಸರಿನಲ್ಲಿ ಓಡಿದ ಟ್ರೇಲರ್

ಹಂಸಭಾವಿಯ ಬೀಜ ಮಾರಾಟ ಸಂಘದಲ್ಲಿ ಸ್ಟಾಕು ನೋಡಿಕೊಳ್ಳುವ ಚನ್ನೇಶ ಬಾಯಿ ತೆರೆದರೆ ಸಿನಿಮಾ. ಚಹಾ ಬಂದರೆ, "ಬಂತ್ ನೋಡ್ರಿ, ಹೀರೋ ಎಂಟ್ರಿ!" ಪ್ರಿಂಟರ್ ಕೆಟ್ಟರೆ, "ಕ್ಲೈಮ್ಯಾಕ್ಸಿನ್ಯಾಗ ಕೈ ಕೊಟ್ಟೆಲ್ಲೋ ದೋಸ್ತಾ!"

ಆ ಸೋಮವಾರ ಮ್ಯಾನೇಜರ್ ಗುದ್ಲೆಪ್ಪನವರು ಎಲ್ಲರೆದುರಿಗೇ ಲೆಕ್ಕದ ತಸ್ಲೀಮಾಳನ್ನು ಕೇಳಿದರು: "ಏನಮ್ಮಾ, ಆಫೀಸಿನ ನೆಟ್ಟಿನ್ಯಾಗ ದಿನಾ ಸಿನಿಮಾ ಟ್ರೇಲರ್ ನೋಡ್ತೀಯಂತ? ಮೇಲಿನ ಆಫೀಸಿನಿಂದ ಫೋನ್ ಬಂದಿತ್ತು. ಎಲ್ಲಾ ನಿನ್ನ ಹೆಸರಿಲೇ ಐತಿ. ನಿನ್ನ ನೌಕರಿ ಕಾಯಂ ಮಾಡ್ರಿ ಅಂತ ಇವತ್ತ ಬರ್ಯಾಂವ ಇದ್ದೆ. ಈಗ ಯಾವ ಮಾರಿ ಇಟ್ಕೊಂಡು ಬರೀಲಿ?"

ಚನ್ನೇಶನಿಗೆ ತಡೆಯಲಾಗಲಿಲ್ಲ. "ಅಕ್ಕಾ, ನಮ್ಮ ಥೇಟರಿಗೇ ಪೈಪೋಟಿ? ನನಗೂ ಒಂದು ಟಿಕೀಟು ತಗದಿಡ್ರಲಾ!"

ಎಲ್ಲರೂ ನಕ್ಕರು. ತಸ್ಲೀಮಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಆಗಲೇ ಚನ್ನೇಶನ ಕಣ್ಣು ತನ್ನ ಕಂಪ್ಯೂಟರಿನ ಮೂಲೆಗೆ ಹೋಯಿತು.

ಅಲ್ಲಿ ಅವನೇ ಹಾಕಿದ ಪುಟ್ಟ ಪ್ರಾಕ್ಸಿ ಇತ್ತು. ಸ್ಟಾಕಿನ ಹಳೆಯ ಪ್ರೋಗ್ರಾಮಿಗೆ ಪಾಸ್‌ವರ್ಡ್ ಕೊಟ್ಟು ನೆಟ್ಟಿಗೆ ಹೋಗಲು ಬರುತ್ತಿರಲಿಲ್ಲ. ಅದರ ಪರವಾಗಿ ನೆಟ್ಟಿನ ಬಾಗಿಲಲ್ಲಿ ಹೆಸರು, ಪಾಸ್‌ವರ್ಡ್ ಒಪ್ಪಿಸಿ ಒಳಗೆ ಬಿಡಿಸುವುದು ಈ ಪ್ರಾಕ್ಸಿಯ ಕೆಲಸ. ಟ್ರೇಲರ್ ಚಟಕ್ಕೆ, ಚನ್ನೇಶನ ಹೆಸರಿನಿಂದ ನೆಟ್ಟಿಗೆ ಹೋಗದಂತೆ ಮೇಲಿನವರು ಬೀಗ ಹಾಕಿದ ವಾರವೇ ತಸ್ಲೀಮಾ ಅವ್ವನನ್ನು ಕಣ್ಣಿನ ಆಪರೇಷನ್ನಿಗೆ ಹಾನಗಲ್ಲಿಗೆ ಕರೆದೊಯ್ದಿದ್ದಳು. "ನನ್ನ ರಜಾ ಅರ್ಜಿ ಹಾಕಿಬಿಡಪ್ಪ" ಎಂದು ಫೋನಿನಲ್ಲಿ ಪಾಸ್‌ವರ್ಡ್ ಹೇಳಿದ್ದಳು. ಅವನು ಅರ್ಜಿ ಹಾಕಿದ. ಹಾಗೆಯೇ ತನ್ನ ಹೆಸರಿನ ಬದಲು ಅವಳ ಹೆಸರು, ಪಾಸ್‌ವರ್ಡನ್ನು ಪ್ರಾಕ್ಸಿಗೂ ಹಾಕಿದ. ಆಮೇಲೆ ತನ್ನ ಟ್ರೇಲರುಗಳನ್ನೂ ಅದೇ ದಾರಿಯಲ್ಲಿ ಬಿಟ್ಟ. ಬಾಗಿಲಲ್ಲಿ ಪ್ರತಿ ಸಲವೂ ಅವಳ ಹೆಸರು ದಾಖಲಾಗುತ್ತಿದೆ ಎಂಬುದನ್ನು ಯೋಚಿಸುವ ಗೋಜಿಗೇ ಹೋಗಿರಲಿಲ್ಲ.

"ಪಾಸ್‌ವರ್ಡ್ ಮತ್ಯಾರಿಗರ ಕೊಟ್ಟೀಯೇನು?" ಗುದ್ಲೆಪ್ಪ ಕೇಳಿದರು.

"ಇಲ್ರಿ ಸರ್. ಚನ್ನೇಶಗ ಒಮ್ಮೆ ಹೇಳಿದ್ನಿ, ಖರೆ. ಆದ್ರ ಅಂವ ಅಂಥಾಂವ ಅಲ್ರಿ. ಬಾಯಿ ಅಷ್ಟ ಜೋರು."

ಚನ್ನೇಶನ ಕಿವಿ ಬಿಸಿಯಾದವು. ಯಾವ ಡೈಲಾಗೂ ನೆನಪಾಗಲಿಲ್ಲ.

"ಸರ್... ಇಲ್ಲಿ ಬರ್ರಿ. ಅದು ನಾನ ರಿ." ಪ್ರಾಕ್ಸಿ ತೆರೆದು ತೋರಿಸಿದ. ತಸ್ಲೀಮಾಳ ಹೆಸರು ಅಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು.

"ಮತ್ತ ಈಗ ಟಿಕೀಟು ಕೇಳಿ ಆಕಿನ್ನ ಚಾಷ್ಟಿ ಮಾಡಿದ್ಯಲ್ಲೋ, ಮಗನ?" ಗುದ್ಲೆಪ್ಪನವರು ಗದರಿದರು.

ಚನ್ನೇಶ ಪ್ರಾಕ್ಸಿಯಿಂದ ಅವಳ ಹೆಸರು ಅಳಿಸಿದ. ಸ್ಟಾಕಿನ ಪ್ರೋಗ್ರಾಮು ಗಕ್ಕನೆ ನಿಂತಿತು. ಗೋವಿನಜೋಳದ ಬೀಜಕ್ಕೆ ಪಾಳಿ ಹಚ್ಚಿದ್ದ ಮುದುಕನೊಬ್ಬ ಕಿಟಕಿಯಲ್ಲಿ ಬಗ್ಗಿದ.

"ಯಾಕೋ ತಮ್ಮಾ, ನಿಂತೈತೇನು?"

"ಹೌದ್ರಿ ಯಜ್ಜಾ. ನನ್ನಿಂದ ನಿಂತೈತಿ."

ಗುದ್ಲೆಪ್ಪನವರು ಮೇಲಿನ ಆಫೀಸಿಗೆ ಫೋನ್ ಹಚ್ಚುತ್ತ ತಸ್ಲೀಮಾಳಿಗೆ ಅಂದರು: "ನೀ ಕುಂದ್ರಮ್ಮಾ. ನಿನ್ನ ತಪ್ಪಲ್ಲ ಅಂತ ಹೇಳ್ತೇನಿ. ಕಾಗದಾನೂ ಬರೀತೇನಿ."

ಅವಳು ಕುಳಿತಳು. ಚನ್ನೇಶ ಹತ್ತಿರ ಹೋದ. "ಅಕ್ಕಾ..."

ತಸ್ಲೀಮಾ ಪಾಸ್‌ವರ್ಡ್ ಬದಲಿಸುವ ಪುಟ ತೆರೆದಳು. ಇಷ್ಟು ವರ್ಷ ಅವನ ಕಡೆಗೇ ಅರ್ಧ ಮುಖಮಾಡಿ ಇದ್ದ ತನ್ನ ಕಂಪ್ಯೂಟರನ್ನು ಎರಡೂ ಕೈಯಲ್ಲಿ ಹಿಡಿದು, ಅವನಿಗೆ ಪರದೆ ಕಾಣದಂತೆ ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿಕೊಂಡಳು.