ಕಂಡವರ ಹಲ್ಲು

ನನ್ನ ಗಂಡ ಹಲ್ಲು ಕಟ್ಟುವವರು. ಕೀಳುವವರಲ್ಲ, ಕಟ್ಟುವವರು. ಬಾಯಿ ಬೋಳಾದವರಿಗೆ ಅಚ್ಚು ತೆಗೆದು ಸಾಲು ಹಲ್ಲು ಕೂರಿಸಿಕೊಡುವ ಕೆಲಸ. ಸೋಂಕಿನ ಕಾಲದಲ್ಲಿ ಪೇಟೆಯ ಅಂಗಡಿಗೇನೋ ಬೀಗ ಬಿತ್ತು, ಆದರೆ ಕಟ್ಟಿಸಿದ ಹಲ್ಲಿಗೆ ಸೋಂಕು ಗೀಂಕು ಗೊತ್ತೇ? ಅದು ಯಾವಾಗಿನ ಹಾಗೆ ಬಚ್ಚಲಲ್ಲಿ ಬಿದ್ದು ಸೀಳುತ್ತಲೇ ಇತ್ತು. ಒಬ್ಬೊಬ್ಬರೇ ಮನೆ ಹುಡುಕಿಕೊಂಡು ಬರತೊಡಗಿದರು. ನಮ್ಮವರು ಪಾಪ ಪಾಪ ಅನ್ನುತ್ತ ವರಾಂಡದಲ್ಲಿ ಮೇಜು ಹಾಕಿಯೇಬಿಟ್ಟರು. ನಾನು ಸುಮ್ಮನಿರುವ ಪೈಕಿಯಲ್ಲ. ಬೀದಿಯ ಗಾಳಿಗೇ ಹೆದರಿ ಕಿಟಕಿ ಮುಚ್ಚಿಕೊಂಡು ಕೂತಿದ್ದೇವೆ, ನೀವು ಕಂಡವರ ಎಂಜಲನ್ನು ಹೊಸಿಲಿಗೇ ಕರೆಸುತ್ತೀರಲ್ಲ ಎಂದು ಮೂರು ಹೊತ್ತೂ ಜಗಳ ತೆಗೆದೆ.

ಜಗಳದಲ್ಲಿ ಗೆಲ್ಲಲಿಲ್ಲ, ಆದರೆ ಬ್ಲೀಚಿನ ಅಧಿಕಾರ ನನ್ನ ಕೈಗೆ ಬಂತು. ದಿನಾ ಬೆಳಗ್ಗೆ ಕೈಗವಸು ತೊಟ್ಟು ಹೊಸದಾಗಿ ಬ್ಲೀಚ್ ನೀರು ಕಲಸುವುದು. ನಿನ್ನೆಯದು ಇವತ್ತಿಗೆ ಸತ್ತ ನೀರು, ಚೆಲ್ಲಬೇಕು. ಗೇಟಿನ ಚಿಲಕ, ಮೇಜು, ಕುರ್ಚಿಯ ಕೈ, ಸ್ವಿಚ್ಚು ಎಲ್ಲವನ್ನೂ ಮೊದಲು ಸೋಪಿನಲ್ಲಿ ಒರೆಸಿ, ಆಮೇಲೆ ಬ್ಲೀಚ್ ಬಟ್ಟೆ ಎಳೆದು, ಒದ್ದೆ ತಾನಾಗಿ ಆರುವವರೆಗೆ ಯಾರೂ ಮುಟ್ಟಕೂಡದು. ಬಾಯಿಂದ ಹೊರಬಂದ ಹಲ್ಲಿಗೆ ಎರಡು ಬೋಗುಣಿ. ಬಿಳಿಯದರಲ್ಲಿ ತೆಳು ಬ್ಲೀಚ್ ನೀರು, ಅದರಲ್ಲಿ ಹತ್ತು ನಿಮಿಷ ನೆನೆಯಬೇಕು. ನೀಲಿಯದರಲ್ಲಿ ಬರೀ ನೀರು. ನಮ್ಮವರು ಗಿರಾಕಿ ಹೋದೊಡನೆ ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದು ಅವರು ಗೊಣಗುತ್ತಿದ್ದರು. ಗೊಣಗಲಿ. ನನಗೆ ಎದೆಯೊಳಗೆ ಇಪ್ಪತ್ತನಾಲ್ಕು ಗಂಟೆ ಡವಡವ. ಎದುರು ಸಾಲಿನ ಎರಡು ಮನೆಗೆ ಆಗಲೇ ಆಸ್ಪತ್ರೆಯ ವ್ಯಾನು ಬಂದಿತ್ತು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ?

ನನ್ನ ಹೆದರಿಕೆಯೆಲ್ಲ ಒಬ್ಬರ ಸುತ್ತ ಇತ್ತು, ನಮ್ಮ ಅತ್ತೆಯ ಸುತ್ತ. ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ, ಒಮ್ಮೆ ನ್ಯುಮೋನಿಯಾ ಆಗಿ ಉಳಿದವರು. ಅವರಿಗೆ ತಗುಲಿದರೆ ಮುಗಿಯಿತು ಎಂದು ಡಾಕ್ಟರು ಫೋನಿನಲ್ಲೇ ಹೇಳಿದ್ದರು. ಅದಕ್ಕೇ ಅತ್ತೆಗೆ ವರಾಂಡ ನಿಷೇಧ. ಅವರು ಒಳಗಿನ ಕಿಟಕಿಯ ಗಾಜಿನಿಂದ ನನ್ನ ಬೋಗುಣಿಗಳನ್ನೇ ನೋಡುತ್ತ ಕೂರುತ್ತಿದ್ದರು. ಅವರದೂ ಕಟ್ಟಿಸಿದ ಹಲ್ಲೇ. ಇದೆಲ್ಲ ಶುರುವಾಗುವ ಸ್ವಲ್ಪ ಮುಂಚೆ ಮಗನೇ ಹೊಸ ಸೆಟ್ಟು ಮಾಡಿಕೊಟ್ಟಿದ್ದ. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿರಲಿಲ್ಲ, ಈಗ ಎರಡೂ ಇದೆ, ಅಗಿಯೋಕೆ ಸೊಸೆ ಬಿಡಲ್ಲ ಎಂದು ನಗಿಸುತ್ತಿದ್ದರು.

ಒಂದು ದಿನ ನಿವೃತ್ತ ಪೋಸ್ಟ್ ಮಾಸ್ಟರರು ಬಂದರು. ಸೀಳಿದ್ದ ಅವರ ಮೇಲಿನ ಸೆಟ್ಟನ್ನು ನಮ್ಮವರು ಕೂಡಿಸಿಟ್ಟಿದ್ದರು. ಹಾಕಿ ನೋಡಿದರು, ಅಂಚು ತಾಗುತ್ತದೆ ಎಂದರು, ಉಜ್ಜಿಸಿಕೊಂಡು ಮತ್ತೆ ಹಾಕಿದರು. ಸರಿಹೋಯಿತು. ಹೊಸ ಬೆಸುಗೆ ಒಂದು ರಾತ್ರಿ ನೀರು ಕುಡಿಯಲಿ, ನಾಳೆ ಮಗಳನ್ನು ಕಳಿಸಿ ಎಂದು ನಮ್ಮವರು ಅದನ್ನು ಬಿಳಿ ಬೋಗುಣಿಗೆ ಹಾಕಿ ಬಚ್ಚಲಿಗೆ ನಡೆದರು. ಪೋಸ್ಟ್ ಮಾಸ್ಟರರು ಗೇಟು ದಾಟುವಾಗ ಎರಡು ಸಲ ಕೆಮ್ಮಿದ್ದನ್ನು ನಾನು ಅಡುಗೆಮನೆಯಿಂದಲೇ ಕೇಳಿಸಿಕೊಂಡೆ. ಚಿಲಕಕ್ಕೆ ಇನ್ನೊಂದು ಸಲ ಬ್ಲೀಚ್ ಎಳೆದೆ. ಹೊತ್ತಾದ ಮೇಲೆ ಬಿಳಿ ಬೋಗುಣಿಯ ಸೆಟ್ಟನ್ನು ಇಕ್ಕಳದಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು ನೀಲಿಯದಕ್ಕೆ ದಾಟಿಸಿದೆ. ಬೆಳಗ್ಗೆ ಹಾಗೆಯೇ ಪೊಟ್ಟಣ ಕಟ್ಟಿ ಅವರ ಮಗಳಿಗೆ ಕೊಟ್ಟೆ.

ಅದೇ ಬೆಳಗ್ಗೆ ಅತ್ತೆ ಹಲ್ಲು ಯಾಕೋ ಬಿಗಿಯುತ್ತದೆ ಎಂದರು. ನಮ್ಮವರಿಗೆ ಎಲ್ಲ ಗಿರಾಕಿಗಳಿಗೂ ಹೇಳಲು ಒಂದೇ ಪಾಠ: ಹೊಸ ಹಲ್ಲು ಹೊಸ ಚಪ್ಪಲಿಯಂತೆ, ಕಚ್ಚುತ್ತದೆ, ಅಭ್ಯಾಸವಾಗುವವರೆಗೆ ತೆಗೆಯಬಾರದು. ಅಮ್ಮನಿಗೂ ಅದನ್ನೇ ಒಪ್ಪಿಸಿದರು. ಮಾರನೆಯ ದಿನ ಒಸಡು ಉರಿಯುತ್ತದೆ ಎಂದಾಗ, ಮಗ ಊರಿಗೆಲ್ಲ ಕಟ್ಟಿಕೊಟ್ಟಿದ್ದಾನೆ, ನಿಮ್ಮದೊಂದೇ ರಾಗ ಎಂದು ನಾನೂ ಗದರಿದೆ. ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ಮಗ ಹೇಳಿದನೆಂದು ಮಲಗುವಾಗಲೂ ತೆಗೆಯದೆ ಇದ್ದರು.

ಆಮೇಲೆ ಪೋಸ್ಟ್ ಮಾಸ್ಟರರ ಮಗಳು ಗೇಟಿನಾಚೆ ಬಂದು ನಿಂತಳು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಪೊಟ್ಟಣವನ್ನು ಗೇಟಿನ ಕಂಬದ ಮೇಲಿಟ್ಟು ಹಿಂದೆ ಸರಿದಳು. ಈ ಹಲ್ಲು ಅಪ್ಪನಿಗೆ ಕೂರಲೇ ಇಲ್ಲವಂತೆ, ಎಷ್ಟು ಸಲ ಒತ್ತಿದರೂ ಜಾರುತ್ತಿತ್ತಂತೆ, ಹೇಳಿ ಕಳಿಸೋಣ ಎನ್ನುವಷ್ಟರಲ್ಲಿ ಜ್ವರ ಏರಿತಂತೆ. ನಿನ್ನೆ ವ್ಯಾನು ಬಂದು ಕರೆದುಕೊಂಡು ಹೋಗಿದೆ. ಅದೇ ಕಾಯಿಲೆ.

ನಮ್ಮವರು ಪೊಟ್ಟಣ ಬಿಚ್ಚಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ತಾವೇ ಕಟ್ಟಿದ ಸಾಲು.

"ಇದು ಅಮ್ಮಂದು."

ಇದು ಅಮ್ಮನದಾದರೆ ಅಮ್ಮನ ಬಾಯಲ್ಲಿರುವುದು ಯಾರದು?

ಅತ್ತೆ ಕಿಟಕಿಯ ಗಾಜಿನ ಹಿಂದೆ ಕೂತು ನಮ್ಮ ಮುಖವನ್ನೇ ನೋಡುತ್ತಿದ್ದರು. ನಾನು ಓಡಿಹೋಗಿ ಕೇಳಿದೆ. ಅವರು ಮುಚ್ಚಿಡಲಿಲ್ಲ. ಎಲ್ಲರ ಹಲ್ಲಿಗೂ ನಾನು ಅಷ್ಟು ಔಷಧಿ ಮಾಡುತ್ತಿದ್ದೆ, ತಮ್ಮ ಹಲ್ಲಿಗೆ ಮಾತ್ರ ಯಾರೂ ಮಾಡಲಿಲ್ಲ, ಅದರಲ್ಲೇ ಕಾಯಿಲೆ ಕೂತಿದ್ದರೆ ಎಂಬ ಭಯ ಅವರಿಗೆ. ಕೇಳಿದರೆ ನಾನು ಬೈಯುತ್ತೇನೆ. ಅದಕ್ಕೇ ಮಗ ಬಚ್ಚಲಿಗೆ ಹೋದೊಡನೆ ವರಾಂಡಕ್ಕೆ ಬಂದು ತಮ್ಮ ಮೇಲಿನ ಸೆಟ್ಟನ್ನೂ ಬಿಳಿ ಬೋಗುಣಿಗೆ ಹಾಕಿದ್ದಾರೆ. ಅಷ್ಟರಲ್ಲಿ ನನ್ನ ಹೆಜ್ಜೆ ಸಪ್ಪಳ. ಕೈಗೆ ಸಿಕ್ಕಿದ್ದನ್ನು ಎತ್ತಿ, ತೊಳೆಯಲೂ ಹೊತ್ತಿಲ್ಲದೆ, ಬಾಯಿಗೆ ಹಾಕಿಕೊಂಡು ಒಳಗೆ ಬಂದಿದ್ದಾರೆ. ಪೋಸ್ಟ್ ಮಾಸ್ಟರರ ಬಾಯಿಂದ ಬಂದ ಹಲ್ಲು ಬ್ಲೀಚಿನಲ್ಲಿ ಇದ್ದದ್ದು ನಾಲ್ಕು ಉಸಿರಿನಷ್ಟು ಹೊತ್ತು.

"ತೆಗಿಯಮ್ಮ, ಬೇಗ ತೆಗಿ" ಎಂದರು ನಮ್ಮವರು.

ಬಿಗಿಯಾಗಿ ಕಚ್ಚಿಕೊಂಡಿತ್ತು. ಅತ್ತೆಯ ಬೆರಳಿಗೆ ಸಿಗಲಿಲ್ಲ. ಅವರು ಮಗನ ಕಡೆ ಬಾಯಿ ತೆರೆದು ನಿಂತರು. ಊರವರ ಬಾಯಿಗೆಲ್ಲ ಬೆರಳು ಹಾಕಿ ಬದುಕಿದ ಮನುಷ್ಯ ಕೈ ಮುಂದೆ ಚಾಚಿದರು. ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ ಸರಿದುಬಿಟ್ಟರು. ಬೇಕೆಂದು ಸರಿದದ್ದಲ್ಲ, ಕಾಲು ತಾನಾಗಿ ಹೋಯಿತು. ಅತ್ತೆ ಮೆಲ್ಲಗೆ ಬಾಯಿ ಮುಚ್ಚಿಕೊಂಡರು.

ಯಾವ ಧೈರ್ಯದಿಂದಲೋ ನಾನೇ ಕೈಗವಸು ಹಾಕಿಕೊಂಡು ತೆಗೆದೆ. ಧೈರ್ಯವೆಂದರೆ ಸುಳ್ಳು, ಗಂಡನ ಮೇಲಿನ ಸಿಟ್ಟು. ಅತ್ತೆಯ ಒಸಡು ಕೆಂಪಗೆ ಹುಣ್ಣಾಗಿತ್ತು. ಅಷ್ಟು ನೋವನ್ನು ನನ್ನ ಗದರಿಕೆಗೆ ಹೆದರಿ ನುಂಗಿಕೊಂಡಿದ್ದರು.

ಅಂದಿನಿಂದ ಅತ್ತೆ ಹಿಂದಿನ ಕೋಣೆಯಲ್ಲಿ, ನಾವು ಬಾಗಿಲ ಈಚೆ. ನಾನು ಬಾಗಿಲನ್ನು ಒರೆಸಿದೆ, ಚೌಕಟ್ಟನ್ನು ಒರೆಸಿದೆ, ಒರೆಸಿದ ಬಟ್ಟೆಯನ್ನೂ ಒಗೆದೆ. ಕೈಯ ಚರ್ಮ ಸುಲಿಯಿತು. ಎಲ್ಲಿ ಒರೆಸಬೇಕಿತ್ತೋ ಅಲ್ಲಿಗೆ ನನ್ನ ಬಟ್ಟೆ ಮುಟ್ಟುವಂತಿರಲಿಲ್ಲ. ತಟ್ಟೆ ಇಟ್ಟು ಬರುವಾಗೆಲ್ಲ ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ಒಂದು ಮಧ್ಯಾಹ್ನ ಒಳಗಿನಿಂದ ಮೆತ್ತಗೆ ಗುಬ್ ಗುಬ್ ಎಂದು ಕೇಳಿಸಿತು. ಅತ್ತೆ ದಿಂಬಿಗೆ ಬಾಯಿ ಒತ್ತಿಕೊಂಡು ಕೆಮ್ಮುತ್ತಿದ್ದರು. ನಮಗೆ ಕೇಳಿಸಬಾರದೆಂದು.

ವ್ಯಾನಿಗೆ ಫೋನು ಮಾಡಿದ್ದು ನಮ್ಮವರು. ಅದು ಬರುವಷ್ಟರಲ್ಲಿ ಅತ್ತೆ ಸೀರೆ ಬದಲಿಸಿ ಮಂಚದ ಮೇಲೆ ಕೂತಿದ್ದರು. ನನ್ನ ಹಲ್ಲು ಕೊಡು ಎಂದರು. ಅದು ಪೋಸ್ಟ್ ಮಾಸ್ಟರರ ಬಾಯಿಗೆ ಹೋಗಿ ಬಂದದ್ದು, ಬೇಡ, ಬೇರೆ ಕಟ್ಟುತ್ತೇನೆ ಎಂದು ನಮ್ಮವರು ಬಾಗಿಲಲ್ಲೇ ನಿಂತು ಅಂಗಲಾಚಿದರು. ಅತ್ತೆ ನನ್ನ ಕಡೆಗೇ ನೋಡಿದರು.

"ಹಲ್ಲಿಲ್ದೆ ಅಲ್ಲಿ ನನ್ ಮಾತು ಯಾರಿಗೆ ಅರ್ಥ ಆಗತ್ತೆ? ನೀರು ಬೇಕು ಅಂದ್ರೂ ತಿಳಿಯಲ್ಲ. ನಿನ್ ಔಷಧಿ ಹಾಕಿ ಕೊಡಮ್ಮ."

ಹೊಸ ಬ್ಲೀಚ್ ನೀರು ಕಲಸಿದೆ. ಗಡಿಯಾರ ನೋಡುತ್ತ ಪೂರಾ ಹೊತ್ತು ನೆನೆಸಿದೆ. ನಲ್ಲಿಯ ಕೆಳಗೆ ವಾಸನೆ ಹೋಗುವವರೆಗೆ ತೊಳೆದೆ. ಈ ಸಲ ಕಣ್ಣು ಬಿಟ್ಟು ಒಂದೊಂದು ಹಲ್ಲನ್ನೂ ನೋಡಿದೆ. ಅತ್ತೆ ಹಾಕಿಕೊಂಡರು, ಒಂದೇ ಸಲಕ್ಕೆ ಕೂತಿತು. ಹೋಗ್ಬರ್ತೀನಿ ಎಂದು ಸ್ಪಷ್ಟವಾಗಿ ಹೇಳಿ ವ್ಯಾನು ಹತ್ತಿದರು.

ಸಂಜೆ ಹೊತ್ತು ನರ್ಸು ಫೋನು ಹಚ್ಚಿ ಕೊಡುತ್ತಿದ್ದಳು. ಅತ್ತೆ ಮೊದಮೊದಲು ಚೆನ್ನಾಗಿಯೇ ಮಾತಾಡಿದರು. ಊಟಕ್ಕೆ ಉಪ್ಪಿಲ್ಲ ಎಂದರು, ಪಕ್ಕದ ಮಂಚದವಳ ಗೊರಕೆಯನ್ನು ಅಣಕಿಸಿ ತೋರಿಸಿದರು. ಫೋನು ಇಟ್ಟ ಮೇಲೆ ನಾನು ನಗುನಗುತ್ತ ಅಳುತ್ತಿದ್ದೆ. ಪೋಸ್ಟ್ ಮಾಸ್ಟರರು ತೀರಿಕೊಂಡ ಸುದ್ದಿ ಆ ಮಧ್ಯೆ ಬಂತು. ಅದನ್ನು ಅತ್ತೆಗೆ ಹೇಳಲಿಲ್ಲ.

ಇವತ್ತು ಫೋನಿನಲ್ಲಿ ಮೊದಲು ನರ್ಸು ಮಾತಾಡಿದಳು. ಉಸಿರಾಟ ಸ್ವಲ್ಪ ಕಷ್ಟವಾಗಿದೆ, ಆಕ್ಸಿಜನ್ನಿನ ದೊಡ್ಡ ಮಾಸ್ಕು ಹಾಕಬೇಕು, ಹಲ್ಲು ತೆಗೆದಿಟ್ಟಿದ್ದೇವೆ, ಮಾಸ್ಕು ಹಾಕುವ ಮುಂಚೆ ಎರಡು ಮಾತು ಆಡಿಬಿಡಿ ಎಂದಳು. ಆಮೇಲೆ ಅತ್ತೆಯ ಧ್ವನಿ. ಬರೀ ಗಾಳಿ, ನಡುವೆ ಒಸಡಿಗೆ ಒಸಡು ತಾಗುವ ಸದ್ದು. ನಾನು ಕಿವಿಗೆ ಒತ್ತಿ ಹಿಡಿದುಕೊಂಡೆ. ಒಂದು ಅಕ್ಷರವೂ ತಿಳಿಯಲಿಲ್ಲ. ಹೂಂ ಅತ್ತೆ, ಹೂಂ ಅತ್ತೆ ಎನ್ನುತ್ತ ನಿಂತೆ. ಕೊನೆಗೆ ತಡೆಯಲಾರದೆ ಫೋನನ್ನು ನಮ್ಮವರ ಕೈಗಿಟ್ಟೆ.

ಜನ್ಮವೆಲ್ಲ ಬೋಳು ಬಾಯಿಗಳ ಮಾತು ಕೇಳಿದವರು ಅವರು. ಕಣ್ಣು ಮುಚ್ಚಿಕೊಂಡು ಕೇಳಿದರು. ನಡುವೆ ಒಮ್ಮೆಯೂ ಏನು ಎಂದು ಕೇಳಲಿಲ್ಲ. ಆ ಕಡೆಯಿಂದ ಫೋನು ಕಟ್ಟಾಯಿತು. ಅವರು ಅದನ್ನು ಹಿಡಿದುಕೊಂಡೇ ಗೋಡೆಗೊರಗಿ ಕೆಳಗೆ ಕುಸಿದರು. ಏನಂದರು ಹೇಳಿ ಎಂದು ಭುಜ ಹಿಡಿದು ಅಲುಗಿಸಿದೆ.

"ಅವತ್ತು ನೀನು ಹಿಂದೆ ಸರಿದಿದ್ದು ಒಳ್ಳೇದಾಯ್ತು ಮಗಾ ಅಂದ್ಲು. ಅದನ್ನೇ ಮೂರು ಸಲ ಅಂದ್ಲು."