ಡ್ಯಾನ್‌ಬರಿಯ ನಡುಕ

ಲೊವೀನಾ ಪಾದ್ರಿಯ ಕೈಯಿಂದ ಕಾಗದವನ್ನು ಕಿತ್ತುಕೊಂಡೇ ಬಿಟ್ಟಳು. ಅಪ್ಪನ ಶವಪೆಟ್ಟಿಗೆ ಚರ್ಚಿನೊಳಗೆ ಬಂದಾಗಿತ್ತು. ಪ್ರಸಂಗಕ್ಕೆ ಇನ್ನು ಹತ್ತೇ ನಿಮಿಷ.

‘ಮದ್ಯದ ದೌರ್ಬಲ್ಯದೊಡನೆ ಜೀವಮಾನವಿಡೀ ಹೋರಾಡಿದ ನಮ್ಮ ಸಹೋದರ ಓರಿನ್ ಬೆನೆಡಿಕ್ಟ್...’

“ಈ ಸಾಲು ಹೊಡೆದುಹಾಕಿ, ಪಾದ್ರಿಗಳೇ. ಅಪ್ಪ ಒಂದು ತೊಟ್ಟೂ ಕುಡಿದವನಲ್ಲ.”

“ಹೋರಾಡಿದ ಅಂತ ಹೊಗಳಿದ್ದೀನಲ್ಲಮ್ಮ. ಕುಡಿಯೋದಿಲ್ಲ ಅಂತ ಪ್ರತಿಜ್ಞಾಪತ್ರಕ್ಕೆ ನನ್ನೆದುರೇ ಸಹಿ ಹಾಕಿದ. ಆ ಸಹಿ ನೋಡಿದ್ದೀಯಾ? ಜಿರಳೆ ಮಸಿಯಲ್ಲಿ ಬಿದ್ದೆದ್ದು ಓಡಿದ ಹಾಗಿತ್ತು. ಅವತ್ತೂ ಕುಡಿದೇ ಬಂದಿದ್ದ, ಪಾಪ.”

“ಅವನ ಕೈ ನಡುಗ್ತಿದ್ದದ್ದು ಪಾದರಸದಿಂದ! ಟೋಪಿಗೆ ಮೊಲದ ತುಪ್ಪಳ ಹದ ಮಾಡೋ ನೀರಲ್ಲಿ ಇರುತ್ತೆ. ಮೂವತ್ತೊಂದು ವರ್ಷ ಅದರ ಹಬೆ ಕುಡಿದಿದ್ದಾನೆ.”

“ಡಾಕ್ಟರು ಹಾಗಂತ ಬರೆದುಕೊಟ್ಟಿದ್ದಾರಾ?”

ಇಲ್ಲ. ಹೃದಯ ಸೋತಿತ್ತೆಂದಷ್ಟೇ ಬರೆದಿದ್ದರು. ಪಾದ್ರಿ ಕಾಗದವನ್ನು ಮೆಲ್ಲಗೆ ಹಿಂದಕ್ಕೆ ಪಡೆದರು.

ಬಾಗಿಲ ಬಳಿ ಅಪ್ಪನ ಜೊತೆಯ ಟೋಪಿ ಕೆಲಸಗಾರರು ನಿಂತಿದ್ದರು. “ಸೈಲಸ್ ಮಾಮ, ನೀವಾದ್ರೂ ಹೇಳಿ!”

“ಹೇಳಿದ್ರೆ ಕೇಳೋರ್ಯಾರು, ಮಗಾ? ಡ್ಯಾನ್‌ಬರಿ ಊರೆಲ್ಲ ಟೋಪಿಯವರನ್ನ ಹುಚ್ಚರು ಅನ್ನುತ್ತೆ, ಪಾದ್ರಿ ಕುಡುಕರು ಅಂತಾನೆ. ಇಬ್ಬರೂ ಕೂತು ಮೊದಲು ಒಂದು ತೀರ್ಮಾನಕ್ಕೆ ಬರಲಿ.”

ಉಳಿದವರು ನಕ್ಕರು. ಮುಂದಿನ ಸಾಲಿನಲ್ಲಿದ್ದ ಕಾರ್ಖಾನೆಯ ಮೇಸ್ತ್ರಿ ಹಿಂತಿರುಗಿ ನೋಡಿದ. ನಗು ನಿಂತಿತು.

“ನಾಳೆ ನಾವು ಅದೇ ಕಾರ್ಖಾನೆಗೆ ಹೋಗ್ಬೇಕಲ್ಲ,” ಎಂದ ಸೈಲಸ್, ನೆಲ ನೋಡುತ್ತ.

* * *

ಅವಳಿಗಾಗ ಒಂಬತ್ತು ವರ್ಷ. ಸಂಜೆ ಅಪ್ಪ ಬರುತ್ತಲೇ ಅಮ್ಮ ಒಳಗಿನಿಂದ ಕೂಗುತ್ತಿದ್ದಳು: “ಲೊವೀನಾ, ಬಾಯಿ ಮೂಸಿ ನೋಡು!”

ಅಪ್ಪ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಯಿ ತೆರೆಯುತ್ತಿದ್ದ. ಕಪ್ಪಿಟ್ಟ ಒಸಡು, ಅಲುಗಾಡುವ ಹಲ್ಲು, ಒದ್ದೆ ತುಪ್ಪಳದ ಕಮಟು.

“ಪಾಸಾದ್ನಾ, ಮೇಡಂ?”

“ಪಾಸು.”

ಆದರೆ ಊಟಕ್ಕೆ ಕೂತರೆ ಚಮಚೆಯ ಸೂಪು ಅಂಗಿಯ ಮೇಲೆ. “ನೀನು ಸರಿಯಾಗಿ ಮೂಸಿಲ್ಲ,” ಎಂದು ಅಮ್ಮ ಮಗಳನ್ನೇ ಬೈಯುತ್ತಿದ್ದಳು.

ಹದಿನೈದಾಗುವ ಹೊತ್ತಿಗೆ ಲೊವೀನಾ ಕೂಡ ಮೂಗಿಗಿಂತ ಕಣ್ಣನ್ನೇ ನಂಬಿದ್ದಳು. ಒಂದು ಭಾನುವಾರ ಬಾಟಲಿ ಹುಡುಕಲು ನೆಲಮಾಳಿಗೆಯ ಸೌದೆಯನ್ನೆಲ್ಲ ಕಿತ್ತೆಸೆದಳು. ಲಾಟೀನು ಹಿಡಿದು ನಿಂತವನು ಅಪ್ಪನೇ. ಬೆಳಕು ಗೋಡೆಯ ತುಂಬ ಕುಣಿಯುತ್ತಿತ್ತು.

“ಆ ಮೂಲೇಲಿ ನೋಡಿದ್ಯಾ, ಮಗಳೇ?” ಎಂದು ಕೇಳಿದ್ದ.

* * *

ಪಾದ್ರಿ ಒಂದಕ್ಷರವನ್ನೂ ಬಿಡಲಿಲ್ಲ. ‘ಮದ್ಯದ ದೌರ್ಬಲ್ಯ’ ಎಂಬಲ್ಲಿ ದನಿ ತಗ್ಗಿಸಿದರು. ಅದರಿಂದಾಗಿ ಅದು ಇನ್ನಷ್ಟು ಚೆನ್ನಾಗಿ ಕೇಳಿಸಿತು. ಮೇಸ್ತ್ರಿ ತಲೆದೂಗಿದ. ಲೊವೀನಾ ಹಿಂತಿರುಗಿ ನೋಡಿದಳು. ಟೋಪಿಯವರೆಲ್ಲ ಕೈಗಳನ್ನು ಜೇಬಿಗೆ ತುರುಕಿಕೊಂಡಿದ್ದರು.

ಪೆಟ್ಟಿಗೆಯನ್ನು ಹೊರಗೆ ಒಯ್ಯುವ ಹಕ್ಕು ಜೊತೆಗೆ ದುಡಿದವರದು. ಆರು ಜನ ಬಂದು ಹಿತ್ತಾಳೆಯ ಹಿಡಿಕೆಗಳಿಗೆ ಕೈಯಿಟ್ಟು ಎತ್ತಿದರು. ಎತ್ತಿದ ಮರುಗಳಿಗೆ ಹಿಡಿಕೆಗಳು ಕಟಕಟನೆ ಅಲುಗತೊಡಗಿದವು. ಮುಚ್ಚಳದ ಮೇಲಿನ ಹೂಗಳು ಒಂದೊಂದಾಗಿ ಜಾರಿದವು. ಸೈಲಸನ ಮೋರೆ ನಾಚಿಕೆಯಿಂದ ಕೆಂಪಾಯಿತು.

ಮೇಸ್ತ್ರಿ ಕಣ್ಸನ್ನೆ ಮಾಡಿದ. ಗಟ್ಟಿ ಕೈಯ ಇಬ್ಬರು ಯುವಕರು ಧಾವಿಸಿದರು. “ಬಿಡಿ ತಾತ, ನಾವು ಹಿಡೀತೀವಿ.”

ಲೊವೀನಾ ನಡುವೆ ಅಡ್ಡ ನಿಂತಳು.

“ಯಾರೂ ಮುಟ್ಟಬೇಡಿ. ಅವರೇ ಹೊರಲಿ. ನಿಧಾನಕ್ಕೆ, ಸೈಲಸ್ ಮಾಮ. ಅವಸರ ಏನಿಲ್ಲ.”

ಮುಂದೆ ನಡೆಯುತ್ತಿದ್ದ ಪಾದ್ರಿಗೆ ತಮ್ಮ ಪ್ರಾರ್ಥನೆ ತಮಗೇ ಕೇಳಿಸದಾಯಿತು. ನಿಂತರು. ಸದ್ದು ಅಡಗಲೆಂದು ತೆರೆದ ಪುಸ್ತಕದ ಮೇಲೆ ಬೆರಳಿಟ್ಟು ಕಾದರು. ಆರು ಜೊತೆ ಕೈಗಳಲ್ಲಿ ಹಿತ್ತಾಳೆ ಕಟಕಟಿಸುತ್ತಲೇ ಪೆಟ್ಟಿಗೆ ಅವರನ್ನು ದಾಟಿ, ಮೆಟ್ಟಿಲಿಳಿದು, ಬೀದಿಗೆ ಹೋಯಿತು.