ನೆಂದ ಕಟ್ಟು

ನಮ್ಮ ಗುಡೇಮಾರನಹಳ್ಳಿಯಲ್ಲಿ ಕಾಲು ಮುರಿದುಕೊಂಡವನಿಗೆ ಬುದ್ಧಿ ಹೇಳದವರು ಯಾರೂ ಇಲ್ಲ. ಜನ್ಮದಲ್ಲಿ ಬಸ್ಸು ಹಿಡಿಯುವುದಕ್ಕೂ ಓಡದವರು ನನಗೆ ಓಡುವುದನ್ನು ಹೇಳಿಕೊಡುತ್ತಿದ್ದರು. "ಮೊದ್ಲು ಒಸಿ ನಡಿ, ಆಮೇಲೆ ಒಸಿ ಓಡು, ಸುಸ್ತಾದ್ರೆ ಮತ್ತೆ ನಡಿ," ಎಂದು ಹಾಲಿನ ಡೈರಿ ಮುಂದೆ ಬೀಡಿ ಸೇದುತ್ತ ಒಬ್ಬ. ನಾಟಿ ಕೋಳಿ ಕಾಲಿನ ಸಾರು ಕುಡಿ ಎಂದು ಇನ್ನೊಬ್ಬ. ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ. ನನ್ನ ಕಾಲು ಇನ್ನು ಓಡುವ ಕಾಲಲ್ಲ ಅನ್ನುವುದು ಇಡೀ ಊರಿನಲ್ಲಿ ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಗೊತ್ತಿದ್ದೂ ದಿನಾ ಬೆಳಿಗ್ಗೆ ಎದ್ದು ಓಡುತ್ತಿದ್ದೆ. ನಿಲ್ಲಿಸಿದರೆ ಅವ್ವ ಯಾಕೆ ಅಂತ ಕೇಳುತ್ತಾಳೆ, ಆ ಯಾಕೆ ಅನ್ನುವುದು ಅವಳಿಗೆ ಯಾವತ್ತೂ ಗೊತ್ತಾಗಬಾರದಿತ್ತು.

ಮೊದಲಿಂದ ಹೇಳುತ್ತೇನೆ. ಪಿಯುಸಿ ಮುಗಿಸಿ ನಾನು ಪೊಲೀಸ್ ಕಾನ್‌ಸ್ಟೇಬಲ್ ಸೆಲೆಕ್ಷನ್ನಿಗೆ ತಯಾರಾಗುತ್ತಿದ್ದೆ. ಉದ್ದದ ಓಟದಲ್ಲಿ ಈ ದೇವರಾಜುವನ್ನು ಹಿಂದೆ ಹಾಕುವವನು ಮಾಗಡಿ ತಾಲ್ಲೂಕಿನಲ್ಲಿ ಇರಲಿಲ್ಲ, ಇದು ಜಂಬದ ಮಾತಲ್ಲ. ನಮ್ಮಪ್ಪ ಮರಿಯಪ್ಪ ಕೋಚೂ ಅಲ್ಲ, ಮೇಷ್ಟ್ರೂ ಅಲ್ಲ, ರೇಷ್ಮೆ ಹುಳ ಸಾಕುವವನು. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿದವನೇ ಸೈಕಲ್ ಹತ್ತಿ ನನ್ನ ಹಿಂದೆ ಬರುತ್ತಿದ್ದ. ನಾನು ಒಂಚೂರು ನಿಧಾನವಾದರೆ ಸಾಕು, ಬೆಲ್ಲು ಹೊಡೆಯಲು ಶುರು. "ಈ ಡಕೋಟ ಸೈಕಲ್ ಕೈಗೇ ಸಿಕ್ಕಾಕತೀಯ, ನೀನೇನ್ಲಾ ಕಳ್ರನ್ನ ಹಿಡಿಯೋದು?" ಎಂದು ಕಿಚಾಯಿಸುತ್ತಿದ್ದ. ನನಗೆ ರೇಗುತ್ತಿತ್ತು, ರೇಗಿಕೊಂಡೇ ಜೋರಾಗಿ ಓಡುತ್ತಿದ್ದೆ.

ಬಿಡದಿಯಲ್ಲಿ ಫ್ಯಾಕ್ಟರಿಗಳು ಎದ್ದ ಮೇಲೆ ನಮ್ಮ ಕಡೆಯ ರಸ್ತೆಗಳಲ್ಲಿ ಮನೆಯಷ್ಟು ದೊಡ್ಡ ಲಾರಿಗಳು ಓಡಾಡತೊಡಗಿದ್ದವು. ರಾಮನಗರದಲ್ಲಿ ರೇಷ್ಮೆ ಗೂಡು ಮಾರಿ ಅಪ್ಪನೂ ನಾನೂ ಮೊಪೆಡ್ಡಿನಲ್ಲಿ ವಾಪಸ್ಸು ಬರುವಾಗ ಅಂಥದ್ದೊಂದು ಲಾರಿ ನಮ್ಮನ್ನು ಉಜ್ಜಿಕೊಂಡು ಹೋಯಿತು. ಅವನ ಮನೆ ಹಾಳಾಗ, ನಿಲ್ಲಿಸಲೂ ಇಲ್ಲ. ಅಪ್ಪ ಅಲ್ಲೇ ಹೋದ. ನನಗೆ ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ತೊಡೆಯವರೆಗೂ ಪ್ಲಾಸ್ಟರ್ ಕಟ್ಟು ಹಾಕಿ, ನೀರು ಸೋಕಿಸಬೇಡಿ ಎಂದು ಹೇಳಿದರು. ಅವ್ವ ಆಗ ಅಲ್ಲಿರಲಿಲ್ಲ, ಹೆಣದ ಹತ್ತಿರ ಇದ್ದಳು.

ತಿಥಿ ಬಂತು. ನಾನೊಬ್ಬನೇ ಮಗ. ತಲೆ ಬೋಳಿಸಿ, ನೀರು ಹುಯ್ದುಕೊಂಡು, ಸಮಾಧಿಗೆ ಎಡೆ ಇಡಬೇಕಾದವನು ನಾನೇ. ಕ್ಷೌರ ಮುಗಿಯಿತು. ಹಿತ್ತಲಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿದರು.

"ನೀರು ಬ್ಯಾಡ ಅಂದವ್ರೆ ಕಣವ್ವ," ಅಂದೆ.

"ತಲೆ ಮ್ಯಾಲೆ ನೀರು ಬೀಳ್ದೆ ಎಡೆ ಇಕ್ಕುದ್ರೆ ನಿಮ್ಮಪ್ಪ ಮುಟ್ತಾನೇನ್ಲಾ?" ಎಂದು ಅವ್ವ ಅತ್ತಳು. ಚೊಂಬು ಹಿಡಿದುಕೊಂಡು ನಿಂತೇ ಇದ್ದಳು, ಹುಯ್ಯುವುದಕ್ಕೂ ಅವಳಿಗೆ ಧೈರ್ಯವಿಲ್ಲ.

ಆಗ ಬಂದ ನಮ್ಮ ದೊಡ್ಡಪ್ಪ, ಚಲುವಯ್ಯ. ಅವನದು ಗಾರೆ ಕೆಲಸ. ಫ್ಯಾಕ್ಟರಿಗೆ ಬರುವ ಹುಡುಗರಿಗೆ ಬಾಡಿಗೆ ಕೊಡಲು ಬಿಡದಿ ಸುತ್ತ ಸಾಲುಸಾಲು ರೂಮು ಕಟ್ಟುತ್ತಿದ್ದ ಕಾಲ ಅದು, ದೊಡ್ಡಪ್ಪನಿಗೆ ಕೈತುಂಬ ಕೆಲಸ, ಬಾಯಿತುಂಬ ಮಾತು. ಬಗ್ಗಿ ನನ್ನ ಕಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಟಕಟಕ ಬಡಿದು ನೋಡಿದ.

"ಇದೂ ಗಾರೆ ತಾನೇ? ನೀರು ಕುಡಿದಷ್ಟೂ ಗಟ್ಟಿಯಾಯ್ತದೆ. ನಾನು ಗ್ವಾಡೆ ಕಟ್ಟಿ ದಿನಾ ನೀರು ಹುಯ್ಯಿಸಾಕಿಲ್ವಾ? ಡಾಕ್ಟ್ರಿಗೇನ್ ಗೊತ್ತು ಗಾರೆ ಇಚಾರ? ಹುಯ್ಯಮ್ಮ ಅಂಬುಜ," ಅಂದ.

ಅವ್ವ ನಂಬಿದಳು. ಯಾಕೆ ನಂಬುವುದಿಲ್ಲ? ಮನೆಯಲ್ಲಿ ಹುಳ ಇಲ್ಲದಾಗ ದೊಡ್ಡಪ್ಪನ ಜೊತೆ ಕೂಲಿಗೆ ಹೋಗಿ, ಹೊಸ ಗೋಡೆಗಳಿಗೆ ಬೆಳಿಗ್ಗೆ ಸಂಜೆ ನೀರು ಹುಯ್ದವಳು ಅವಳೇ. ಅವು ಗಟ್ಟಿಯಾದದ್ದನ್ನು ಕಣ್ಣಾರೆ ಕಂಡವಳು. ನನ್ನ ತಲೆಯ ಮೇಲೆ ಅಳುತ್ತ ಹುಯ್ದಳು. ಎಲ್ಲ ಮುಗಿದ ಮೇಲೆ ಕಡೆಗೊಂದು ಚೊಂಬು ನೀರನ್ನು ಕಟ್ಟಿನ ಮೇಲೇ ಸುರಿದು, ಅಂಗೈಯಿಂದ ಮೆತ್ತಗೆ ಸವರಿದಳು.

ಕಟ್ಟು ಕಲಸಿದ ಹಿಟ್ಟಿನಂತೆ ಮೆತ್ತಗಾಯಿತು. ಬಿಸಿಲಿಗೆ ಕಾಲು ಚಾಚಿ ಕೂರಿಸಿದರು. ಸಂಜೆಗೆ ಒಣಗಿ ಗಡುಸಾದಾಗ ದೊಡ್ಡಪ್ಪ ಮತ್ತೆ ಬಡಿದು ನೋಡಿ, "ನೋಡ್ದಾ?" ಎಂದು ಮೀಸೆ ತಿರುವಿದ. ಒಳಗಡೆ ಏನಾಗಿತ್ತೋ ಯಾರಿಗೆ ಕಾಣಬೇಕು.

ಕಟ್ಟು ಬಿಚ್ಚುವ ದಿನ ಅವ್ವ ಎಳನೀರು ತರಲು ಹೊರಗೆ ಹೋಗಿದ್ದಳು. ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, "ಕಟ್ಟಿಗೆ ನೀರು ಬಿದ್ದಿತ್ತಾ?" ಎಂದು ಕೇಳಿದರು. ಹೂಂ ಅಂದೆ. "ಸಡಿಲ ಆಗಿ ಮೂಳೆ ವಾರೆ ಕೂಡಿಕೊಂಡಿದೆ. ನಡೆಯೋದಕ್ಕೆ ಅಡ್ಡಿಯಿಲ್ಲ. ಓಟ, ಪೊಲೀಸ್ ಕೆಲಸ ಎಲ್ಲ ಮರೆತುಬಿಡಪ್ಪ," ಎಂದರು.

ಅವ್ವ ಎಳನೀರು ಹಿಡಿದು ಬಂದಳು. "ಏನಂದ್ರು ಮಗಾ?"

"ನಿಧಾನಕ್ಕೆ ಓಡ್ತಾ ಓಡ್ತಾ ಸರೋಯ್ತದೆ ಅಂದ್ರು," ಅಂದೆ. ಬಾಯಿಗೆ ಬಂದದ್ದು ಅದು. ಗಂಡನನ್ನು ಕಳೆದುಕೊಂಡವಳಿಗೆ ಮಗನ ಕಾಲನ್ನು ನೀನೇ ಕೆಡಿಸಿದೆ ಅಂತ ಹೇಳಲೇ?

ಹಾಗೆ ಶುರುವಾಯಿತು ನನ್ನ ಓಟ. ದಿನಾ ಬೆಳಿಗ್ಗೆ ಅವ್ವ ಹರಳೆಣ್ಣೆ ಬಿಸಿ ಮಾಡಿ ಕಾಲು ತಿಕ್ಕುವಳು. "ನಿನ್ನೆಗಿಂತ ವಾಸಿ ಅಲ್ವಾ?" ಎಂದು ಕೇಳುವಳು. ವಾಸಿ ಅನ್ನುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೂ ಒಳಗೊಳಗೇ ಆಸೆಯಿತ್ತು. ಡಾಕ್ಟರು ದೇವರೇನಲ್ಲವಲ್ಲ. ಹಿಪ್ಪುನೇರಳೆ ತೋಟದ ಪಕ್ಕ ಒಂದಿಷ್ಟು ನಡೆದು, ಒಂದಿಷ್ಟು ಓಡಿ, ಮತ್ತೆ ನಡೆಯುತ್ತಿದ್ದೆ. ಕಾಲು ಊರಿದಾಗಲೆಲ್ಲ ಮೊಣಕಾಲಿನವರೆಗೂ ಕಿತ್ತು ಬರುವಂಥ ನೋವು. ಹುಣಸೇಮರ ದಾಟಿದರೆ ಮನೆಯಿಂದ ಕಾಣುವುದಿಲ್ಲ; ಅಲ್ಲಿ ಕಲ್ಲಿನ ಮೇಲೆ ಕೂತು ಕಾಲು ಹಿಡಿದುಕೊಂಡು ಅಳುತ್ತಿದ್ದೆ. ನೋವಿಗಿಂತ ಹೆಚ್ಚಾಗಿ ಬೆನ್ನ ಹಿಂದಿನ ರಸ್ತೆಯ ಮೌನ ನನ್ನನ್ನು ಕೊಲ್ಲುತ್ತಿತ್ತು. ಇಷ್ಟು ನಿಧಾನವಾಗಿ ಓಡುತ್ತಿದ್ದರೂ ಬೆಲ್ ಹೊಡೆಯುವವರಿಲ್ಲ.

ಕಂಪನಿ ಬಸ್ಸಿಗೆ ಕಾಯುತ್ತ ನಿಂತಿರುತ್ತಿದ್ದ ಅನಂತರಾಜು, ನನ್ನ ಜೊತೆ ಓದಿದವನು, ಒಂದು ದಿನ ಕೂಗಿದ. "ಏನ್ಲಾ ದೇವ್ರಾಜ, ಕುಂಟೆತ್ತು ಎಗರ್ದಂಗೆ ಎಗರ್ತಿದ್ದೀಯಲ್ಲೋ! ಬಿಡದಿಗೆ ಬಂದ್ಬುಡ್ಲಾ. ಬೋಲ್ಟ್ ಬಿಗಿಯಾಕೆ ಯಾವನೂ ಓಡು ಅನ್ನಾಕಿಲ್ಲ."

ಅವನಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಪಾಪ, ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಸಿಟ್ಟಿನಲ್ಲಿ ಹಳೆಯ ವೇಗಕ್ಕೆ ಓಡಲು ಹೋಗಿ ಮುಗ್ಗರಿಸಿ ಬಿದ್ದೆ. ಮಂಡಿ ಕಿತ್ತು ರಕ್ತ ಬಂತು. ಮನೆಯಲ್ಲಿ ಅವ್ವ ಕೇಳಿದಾಗ ಎಮ್ಮೆ ಅಡ್ಡ ಬಂತು ಅಂದೆ. ಅವಳು ಗಾಯ ತೊಳೆದು ಅರಿಶಿನ ಹಚ್ಚಿದಳು.

ಮಾರನೆಯ ಬೆಳಿಗ್ಗೆ ಹುಣಸೇಮರದ ಹತ್ತಿರ ಇನ್ನೇನು ಕೂರಬೇಕು, ಹಿಂದೆ ಬೆಲ್ ಕೇಳಿಸಿತು.

ತಿರುಗಿ ನೋಡಿದರೆ ಅವ್ವ. ಸೈಕಲ್ ಹೊಡೆಯಲು ಬಾರದವಳು, ಸೀರೆ ಎತ್ತಿ ಸಿಕ್ಕಿಸಿಕೊಂಡು ಅಪ್ಪನ ಸೈಕಲ್ಲನ್ನು ತಳ್ಳಿಕೊಂಡು ಏದುಸಿರು ಬಿಡುತ್ತ ಬರುತ್ತಿದ್ದಳು.

"ನಿಲ್ಲುಸ್ಲಾ ಮಗಾ," ಅಂದಳು. "ಸಾಕು."

"ಏನು ಸಾಕು? ಇನ್ನೊಂದೆರಡು ತಿಂಗಳು ಓಡುದ್ರೆ..."

"ನಂಗೆ ಗೊತ್ತು ಕಣಪ್ಪ. ಎಳ್ನೀರು ಕುಡಿಯೋವಾಗ ನನ್ ಮಕ ನೋಡ್ಲಿಲ್ಲ ನೀನು. ಮಾರ್ನೇ ವಾರ ನಾನೇ ಹೋಗಿ ಆ ಡಾಕ್ಟ್ರ ಕೇಳ್ದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಗೊತ್ತಿದ್ದೂ ದಿನಾ ಎಣ್ಣೆ ತಿಕ್ಕಿದ್ಯಾ? ವಾಸಿ ಅಲ್ವಾ ಅಂತ ಕೇಳಿದ್ಯಾ?"

"ನಿಂಗೆ ಆಸೆ ಇತ್ತಲ್ಲ ಮಗಾ. ಕೆಡಿಸ್ದೋಳು ನಾನು. ನಾನೇ ಬಾಯಿ ಬುಟ್ಟು ಬ್ಯಾಡ ಅನ್ನಾಕಾಯ್ತದಾ? ನಿನ್ನೆ ಆ ರಕ್ತ ನೋಡಿ ತಡೀನಾರ್ದೆ ಬಂದೆ."

"ನೀನಲ್ಲ ಕೆಡಿಸ್ದೋಳು. ಆ ಚಲುವಯ್ಯ! ಅವನ ಗಾರೆಗಿಷ್ಟು ಬೆಂಕಿ ಹಾಕ! ಇವತ್ತೇ ಹೋಗಿ ಕೇಳ್ತೀನಿ ಅವನ್ನ."

"ನಿಮ್ ದೊಡ್ಡಪ್ಪನ್ನ ಏನೂ ಅನ್ಬ್ಯಾಡ. ಚೊಂಬು ನನ್ ಕೈಲಿತ್ತು."

ಸೈಕಲ್ಲನ್ನು ಹುಣಸೇಮರಕ್ಕೆ ಒರಗಿಸಿದಳು. ನೆಲ ನೋಡುತ್ತ ಹೇಳಿದಳು. "ತಲೆ ಮ್ಯಾಲೆ ಹುಯ್ದಿದ್ದು ನಿಮ್ಮಪ್ಪನ್ಗೋಸ್ಕರ. ಅದುಕ್ಕೆ ನಾನು ಅಳಾಕಿಲ್ಲ, ಇವತ್ತಾದ್ರೂ ಹುಯ್ತೀನಿ. ಆ ಕಡೇ ಚೊಂಬು ಐತಲ್ಲ ಮಗಾ, ಅದ ಯಾರೂ ಹುಯ್ಯಿ ಅಂದಿರ್ಲಿಲ್ಲ. ನನ್ ಮಗನ ಕಾಲು ಗಟ್ಟಿಯಾಗ್ಲಿ, ಬಿರ್ನೆ ಓಡ್ಲಿ ಅಂತ ನಿಂಗೋಸ್ಕರಾನೇ ಹುಯ್ದೆ ಕಣೋ."

ಅಪ್ಪನನ್ನು ಮಣ್ಣು ಮಾಡಿದ ದಿನ ನಾನು ಆಸ್ಪತ್ರೆಯಲ್ಲಿ ಮಲಗಿದ್ದೆ, ಅವ್ವನ ಜೊತೆ ಕೂತು ಅಳುವುದಕ್ಕೆ ಆಗಿರಲಿಲ್ಲ. ಅವತ್ತು ಆ ಕಲ್ಲಿನ ಮೇಲೆ ಇಬ್ಬರೂ ಕೂತು ಅದನ್ನೂ ಸೇರಿಸಿ ಅತ್ತೆವು. ಕಂಪನಿ ಬಸ್ಸು ದೂಳೆಬ್ಬಿಸಿಕೊಂಡು ಹೋಯಿತು. ಕಿಟಕಿಯಲ್ಲಿ ಅನಂತರಾಜು ಕಂಡ, ಮುಖ ಆ ಕಡೆ ತಿರುಗಿಸಿಕೊಂಡ.

ವಾಪಸ್ಸು ಹೋಗುವಾಗ ಅವ್ವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ನಾನು ಸೈಕಲ್ ತುಳಿದೆ. ವಾರೆ ಕಾಲಾದರೂ ಪೆಡಲಿಗೆ ತೊಂದರೆಯಿರಲಿಲ್ಲ. ಅಪ್ಪ ದಿನಾ ತುಳಿದ ರಸ್ತೆ, ಅಪ್ಪ ಕೂತ ಸೀಟು. ಹಿಪ್ಪುನೇರಳೆ ತೋಟದ ತಿರುವಿಗೆ ಬಂದಾಗ ನನ್ನ ಹೆಬ್ಬೆರಳು ತಾನಾಗಿಯೇ ಬೆಲ್ಲಿನ ಮೇಲೆ ಹೋಯಿತು. ಹೊಡೆಯಲಿಲ್ಲ. ಮುಂದೆ ಓಡುವವನು ಯಾರೂ ಇರಲಿಲ್ಲ.